ಸಹಿಯಿಲ್ಲದ ಸಾಲು

ಪತ್ರಿಕೆಯ ಸಂಪಾದಕ ಮಂಡಲಿಯ ಮಿತ್ರರು, “ಅಮೆರಿಕಕ್ಕೆ ಹೋಗಿ ಬಂದವನು ನೀನು; ಒಂದು ಪ್ರವಾಸ ಕಥನವನ್ನಾದರೂ ಬರೆದುಕೊಡಬಾರದೆ?” ಎಂದು ಎರಡು ತಿಂಗಳಿನಿಂದ ನನ್ನ ಬೆನ್ನು ಹತ್ತಿದ್ದಾರೆ. ನಿಜ ಹೇಳಬೇಕೆಂದರೆ ನಾನು ಕಂಡ ಅಮೆರಿಕ ಅತ್ಯಲ್ಪ. ಕಂಡದ್ದರಲ್ಲಿಯೂ ಹೆಚ್ಚಿನ ಪಾಲು ನೀರು. ಆದುದರಿಂದ ನೀರಿನ ಕಥೆಯನ್ನೇ ಹೇಳುತ್ತೇನೆ. ಇದು ಪ್ರವಾಸದ ಕಥೆಯೂ ಹೌದು, ಪರೀಕ್ಷೆಯ ಕಥೆಯೂ ಹೌದು. ಆ ಪರೀಕ್ಷೆಯಲ್ಲಿ ನಾನು ಮೊದಲ ಸಲ ತೇರ್ಗಡೆಯಾಗಲಿಲ್ಲವೆಂಬುದನ್ನು ಈಗಲೇ ಒಪ್ಪಿಕೊಂಡುಬಿಡುವುದು ಮೇಲು.

ನನ್ನ ಅಕ್ಕ, ಭಾವ ಫ್ಲಾರಿಡಾ ಸಂಸ್ಥಾನದ ಟ್ಯಾಂಪಾ ಎಂಬ ಊರಿನಲ್ಲಿದ್ದಾರೆ. 2024ನೆಯ ಇಸವಿಯ ಬೇಸಿಗೆ ರಜೆಗೆ ಅವರು ನನ್ನನ್ನು ಕರೆಸಿಕೊಂಡರು. ಮೇ ತಿಂಗಳಲ್ಲಿ ಐದು ರಾತ್ರಿಗಳ ಹಡಗಿನ ಪ್ರವಾಸವೆಂದು ಗೊತ್ತಾಯಿತು. ಟ್ಯಾಂಪಾದಿಂದ ಹೊರಟು, ಗ್ರ್ಯಾಂಡ್ ಕೇಮನ್ ಮತ್ತು ಮೆಕ್ಸಿಕೋ ದೇಶದ ಕೊಸುಮೆಲ್ ಎಂಬ ಎರಡು ದ್ವೀಪಗಳಲ್ಲಿ ಒಂದೊಂದು ಹಗಲು ನಿಂತು, ಹಿಂದಿರುಗುವುದು. “ಐದು ದಿನವೂ ಕುಳಿತು ತಿನ್ನುವುದಕ್ಕಿಂತ ಏನಾದರೂ ಕಲಿಯಯ್ಯ” ಎಂದರು ಭಾವ. ಅವರು ಹಳೆಯ ಡೈವರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಕ್ಕೆ ಇಳಿಯುವ ಸ್ಕೂಬಾ ವಿದ್ಯೆಯಲ್ಲಿ ಪಳಗಿದವರು. ಫ್ರಾನ್ಸಿನಲ್ಲಿ ಝಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾ ಎಂಬಿಬ್ಬರು 1943ರಲ್ಲಿ ರೂಪಿಸಿದ ಉಪಕರಣದಿಂದ ಈ ವಿದ್ಯೆ ಜನಸಾಮಾನ್ಯರ ಕೈಗೆ ಬಂದಿತು.

ಇದರ ಮೊದಲ ದರ್ಜೆಯ ಸರ್ಟಿಫಿಕೇಟಿಗೆ ಮೂರು ಭಾಗಗಳಿವೆ: ಪುಸ್ತಕದ ಪಾಠ, ಈಜುಕೊಳದ ಪಾಠ, ಕೊನೆಗೆ ಸಮುದ್ರದಲ್ಲಿ ನಾಲ್ಕು ಇಳಿತಗಳು. ಈ ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸುವಂತಿಲ್ಲ. ಎರಡು ದಿನವಾದರೂ ಬೇಕು. ಎಲ್ಲಾ ಮುಗಿದರೆ 18 ಮೀಟರು, ಎಂದರೆ ಸುಮಾರು ಹತ್ತು ಮಾರು ಆಳದವರೆಗೆ ಇಳಿಯಲು ಅರ್ಹತೆ ದೊರೆಯುತ್ತದೆ. ಮೊದಲ ಎರಡು ಭಾಗಗಳನ್ನು ಒಂದೂರಿನಲ್ಲಿ ಮುಗಿಸಿ, ಅಲ್ಲಿಯ ಶಿಕ್ಷಕರಿಂದ ಪತ್ರ ಪಡೆದು, ಹನ್ನೆರಡು ತಿಂಗಳೊಳಗೆ ಮತ್ತೊಂದೂರಿನ ಶಿಕ್ಷಕರ ಬಳಿ ಸಮುದ್ರದ ಭಾಗವನ್ನು ಮುಗಿಸಬಹುದು. ನಾವು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಟಿ.ಸಿ. ಒಯ್ಯುವಂತೆಯೇ ಇದು. ಭಾವನವರ ಲೆಕ್ಕ ಸರಳವಾಗಿತ್ತು: ಕೇಮನ್‌ನಲ್ಲಿ ಎರಡು, ಕೊಸುಮೆಲ್‌ನಲ್ಲಿ ಎರಡು, ಒಟ್ಟು ನಾಲ್ಕು.

ಟ್ಯಾಂಪಾದ ಈಜುಕೊಳದಲ್ಲಿ 200 ಮೀಟರು ಈಜಬೇಕಾಗಿತ್ತು. ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕಾಗಿತ್ತು. ಊರ ಕಲ್ಯಾಣಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನಿಗೆ ಇದು ಕಷ್ಟವಾಗಲಿಲ್ಲ. ಆದರೆ ಆ ಕಲ್ಯಾಣಿಯೇ ನನಗೊಂದು ಕೆಟ್ಟ ಚಾಳಿಯನ್ನೂ ಕಲಿಸಿತ್ತು. ನೀರಿಗೆ ಧುಮುಕುವಾಗ ಮೂಗನ್ನು ಬೆರಳಿನಿಂದ ಹಿಡಿದು ಉಸಿರು ಬಿಗಿಹಿಡಿಯುವುದು ನಮ್ಮೂರ ಹುಡುಗರ ಪದ್ಧತಿ. ಸ್ಕೂಬಾದಲ್ಲಿ ಉಸಿರು ಬಿಗಿಹಿಡಿಯುವುದೇ ಮಹಾಪರಾಧ.

ಅದರ ಕಾರಣವನ್ನು ಹಡಗಿನ ಮೊದಲ ದಿನ ಮೇಲಟ್ಟದ ಕುರ್ಚಿಯಲ್ಲಿ ಕುಳಿತು ಮತ್ತೊಮ್ಮೆ ಓದಿಕೊಂಡೆನು. ನೀರಿನಲ್ಲಿ ಹತ್ತು ಮೀಟರು ಇಳಿದರೆ ನಮ್ಮ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಎಳೆದುಕೊಂಡ ಒಂದು ಎದೆ ತುಂಬ ಗಾಳಿಯು, ಅದನ್ನು ಬಿಡದೆ ಮೇಲಕ್ಕೆ ಬಂದರೆ, ಎರಡು ಎದೆಗಳಷ್ಟು ಜಾಗವನ್ನು ಬೇಡುತ್ತದೆ. ಇರುವುದು ಒಂದೇ ಎದೆ, ಶ್ವಾಸಕೋಶ ಹರಿಯುತ್ತದೆ. ಇದಕ್ಕೆ ಆಳ ಬಹಳ ಬೇಕಿಲ್ಲ. ನಾಲ್ಕಾರು ಮೀಟರು ಸಾಕು. ಇನ್ನು ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಹೇಗೆ ನಿಧಾನವಾಗಿ ಹೊರಬರಬೇಕೆಂಬುದನ್ನು ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ಮಾಡಿ, 1908ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದನು. ಅವನ ಮಗ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನೆಂಬುದು ನಮ್ಮ ಅಧ್ಯಾಪಕರಿಗೆ ತಿಳಿದ ವಿಷಯವೇ. ಆ ಮನೆತನಕ್ಕೂ ನಮಗೂ ಇರುವ ನಂಟು ನೆನಪಾಗಿ ನನಗೆ ಧೈರ್ಯ ಬಂದಂತಾಯಿತು. ಆದರೆ ಓದಿ ಬರುವ ಧೈರ್ಯ ಎಷ್ಟು ಹೊತ್ತಿನದೆಂಬುದು ಮರುದಿನ ತಿಳಿಯಿತು.

ಹಡಗಿನವರೇ ಏರ್ಪಡಿಸುವ ವಿಹಾರಗಳು ಸರ್ಟಿಫಿಕೇಟು ಪಡೆದವರಿಗೆ, ಇಲ್ಲವೆ ಬರಿದೆ ರುಚಿ ನೋಡುವವರಿಗೆ. ನನ್ನಂತಹ ಅರ್ಧ ವಿದ್ಯಾರ್ಥಿ ದಡದ ಶಿಕ್ಷಕರನ್ನು ತಾನೇ ಗೊತ್ತುಮಾಡಿಕೊಳ್ಳಬೇಕು. ಇದರಲ್ಲೊಂದು ತೊಡಕಿದೆ. ಹಡಗಿನವರ ವಿಹಾರಕ್ಕೆ ಹೋದವರು ತಡವಾದರೆ ಹಡಗು ಕಾಯುತ್ತದೆ. ತಾನಾಗಿ ಹೋದವನಿಗಾಗಿ ಕಾಯುವುದಿಲ್ಲ. ಎರಡನೆಯ ತೊಡಕು ಗಡಿಯಾರದ್ದು. ಟ್ಯಾಂಪಾದಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಈ ಎರಡು ದ್ವೀಪಗಳಲ್ಲಿ ತಿರುಗಿಸುವುದಿಲ್ಲ. ನಮ್ಮ ಹಡಗು ಟ್ಯಾಂಪಾದ ವೇಳೆಯನ್ನೇ ಇಟ್ಟುಕೊಂಡಿತ್ತು. ಹಡಗಿನಲ್ಲಿ ಮೂರಾದಾಗ ದಡದಲ್ಲಿ ಎರಡು. ಭಾವನವರು ತಮ್ಮ ಕೈಗಡಿಯಾರವನ್ನು ನನಗೆ ತೋರಿಸಿ, “ಇದೊಂದೇ ನಿಜ, ಉಳಿದದ್ದೆಲ್ಲ ಮಾಯೆ” ಎಂದು ನಕ್ಕರು.

ಕೇಮನ್‌ನ ಜಾರ್ಜ್‌ಟೌನಿನಲ್ಲಿ ದೊಡ್ಡ ಹಡಗುಗಳಿಗೆ ಕಟ್ಟೆಯಿಲ್ಲ. ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಮುಟ್ಟಿಸುತ್ತಾರೆ. ಇಳಿದು ಸ್ವಲ್ಪ ದೂರ ನಡೆದರೆ ಈಡನ್ ರಾಕ್ ಎಂಬ ಸ್ಥಳ, ದಡದಿಂದಲೇ ನೀರಿಗಿಳಿಯಬಹುದು. ನನ್ನ ಶಿಕ್ಷಕಿ ಐವತ್ತು ದಾಟಿದ, ಮಾತು ಕಡಮೆಯ ಹೆಂಗಸು. ಮೊದಲ ಇಳಿತ ಸುಗಮವಾಯಿತು. ಬಂಡೆಗಳ ನಡುವೆ ಓಣಿಗಳು, ಕಮಾನುಗಳು. ಅವುಗಳ ನೆರಳಿನಲ್ಲಿ ನಾಲ್ಕಡಿ ಉದ್ದದ ಟಾರ್ಪನ್ ಮೀನುಗಳು ಬೆಳ್ಳಿಯ ತಗಡು ತೊಟ್ಟ ಕಾವಲುಗಾರರಂತೆ ಅಲುಗಾಡದೆ ನಿಂತಿದ್ದವು. ಹೊರಡುವಾಗ ಅಮ್ಮ ಮುಂಗೈಗೆ ಕಟ್ಟಿದ್ದ ಕೆಂಪು ದಾರವನ್ನು ನೋಡಿಕೊಂಡೆನು. ಅದು ಮಾಸಿದ ಕಂದು ಬಣ್ಣವಾಗಿತ್ತು. ನೀರು ಬಣ್ಣಗಳಲ್ಲಿ ಮೊದಲು ಕೆಂಪನ್ನೇ ನುಂಗುತ್ತದೆಂದು ಪುಸ್ತಕದಲ್ಲಿ ಓದಿದ್ದರೂ ನನ್ನ ಕೈಯನ್ನೇ ನಾನು ನಂಬದಾದೆನು.

ಎರಡನೆಯ ಇಳಿತದಲ್ಲಿ ಪರೀಕ್ಷೆ. ಆರು ಮೀಟರು ಆಳದ ಮರಳಿನ ಮೇಲೆ ಮಂಡಿಯೂರಿ, ಕಣ್ಣು ಮೂಗುಗಳನ್ನು ಮುಚ್ಚುವ ಮಾಸ್ಕಿಗೆ ನೀರು ತುಂಬಿಸಿ, ಮತ್ತೆ ಮೂಗಿನಿಂದ ಊದಿ ನೀರನ್ನು ಹೊರಹಾಕಬೇಕು. ಈಜುಕೊಳದಲ್ಲಿ ಇದನ್ನು ಹೇಗೋ ಮಾಡಿ ದಾಟಿದ್ದೆನು. ಇಲ್ಲಿ ಉಪ್ಪುನೀರು ಕಣ್ಣಿಗೆ ಹತ್ತಿದೊಡನೆ ಕಲ್ಯಾಣಿಯ ಚಾಳಿ ಎದ್ದು ಕುಳಿತಿತು. ಕೈ ಮೂಗಿಗೆ ಹೋಯಿತು, ಉಸಿರು ಬಿಗಿಯಿತು, ಬಿಟ್ಟಾಗ ಬಾಯಿಗೆ ಬದಲು ಮೂಗು ಎಳೆದುಕೊಂಡಿತು. ನೀರು ನೆತ್ತಿಗೇರಿ, ಲೋಕವೆಲ್ಲ ಒಂದು ಕೆಮ್ಮಾಯಿತು. ಹಾಲ್ಡೇನನೂ ಇಲ್ಲ, ಕೋಷ್ಟಕವೂ ಇಲ್ಲ. ಮೇಲೆ ಬೆಳಕಿದೆ, ಅಲ್ಲಿಗೆ ಹಾರಬೇಕು ಎಂಬುದೊಂದೇ. ಕಾಲಿನಿಂದ ಮರಳನ್ನು ಒದ್ದೆನು. ಹಾರಲಾಗಲಿಲ್ಲ. ಆಕೆ ನನ್ನ ಅಂಗಿಯ ಪಟ್ಟಿಯನ್ನು ಭದ್ರವಾಗಿ ಹಿಡಿದಿದ್ದರು. ಬಾಯಿಯ ಗಾಳಿಯ ಕೊಳವೆಯನ್ನು ಒಂದು ಕೈಯಿಂದ ಒತ್ತಿಹಿಡಿದು, ಇನ್ನೊಂದು ಕೈಯಿಂದ ಎದೆಯನ್ನು ತಟ್ಟುತ್ತ, ಉಸಿರು ಬಿಡಿಸುತ್ತ, ನಿಧಾನವಾಗಿ ಮೇಲಕ್ಕೆ ತಂದರು.

ದಡದಲ್ಲಿ ನನಗೆ ಚಹಾ ಕೊಟ್ಟು, ನನ್ನ ದಾಖಲೆ ಪುಸ್ತಕ ತೆಗೆದು, ಮೊದಲ ಇಳಿತದ ಸಾಲಿಗೆ ಸಹಿ ಹಾಕಿದರು. ಎರಡನೆಯ ಸಾಲಿಗೆ ಹಾಕಲಿಲ್ಲ. ಮತ್ತೊಮ್ಮೆ ಇಳಿಯಲು ವೇಳೆ ಉಳಿದಿರಲಿಲ್ಲ. ಕೊನೆಯ ದೋಣಿ ಹಡಗಿನ ವೇಳೆಗೆ ಮೂರೂವರೆಗೆ.

ನಾನು ಬೇಡಿಕೊಂಡೆನು. “ಮೇಡಂ, ನಾಳೆ ಎರಡಕ್ಕಷ್ಟೇ ವೇಳೆಯಿದೆ. ಇದು ಬಿಟ್ಟುಹೋದರೆ ನನ್ನ ಲೆಕ್ಕವೆಲ್ಲ ಕೆಡುತ್ತದೆ. ಅರ್ಧವಾದರೂ ಮಾಡಿದೆನಲ್ಲ.”

“ಅರ್ಧ ಮಾಡಿದೆ ಎಂದು ಬರೆಯಲೇ?” ಎಂದು ಅವರು ಕೇಳಿದರು, ಹಾಗೆಯೇ ಬರೆದರು ಕೂಡ. “ಮಾಸ್ಕಿನ ನೀರಿಗೆ ಹೆದರುತ್ತಾನೆ. ಅವಸರ ಮಾಡದೆ ಮತ್ತೆ ಮಾಡಿಸಿ.” ಮುಂದಿನ ಶಿಕ್ಷಕರಿಗೆ ಅಷ್ಟೇ ಟಿಪ್ಪಣಿ.

ಅಂದು ಸಂಜೆ ಹಡಗಿನಲ್ಲಿ ಊಟ ಸೇರಲಿಲ್ಲ. ಆಕೆ ಕಠಿಣ ಹೃದಯದವರೆಂದು ಅಕ್ಕನ ಮುಂದೆ ದೂರಿದೆನು. ಅಕ್ಕ ಸುಮ್ಮನೆ ಕೇಳಿ, “ನೀನು ಕಾಲೇಜಿನಲ್ಲಿ ಹಾಜರಿ ಕೇಳುವುದೂ ಹೀಗೇನೋ?” ಎಂದಳು. ಅವಳಿಗೆ ಅದು ಹೇಗೆ ತಿಳಿಯಿತೋ! ಎರಡನೆಯ ವರ್ಷದಲ್ಲಿ ನೂರಕ್ಕೆ ಎಪ್ಪತ್ತೈದು ಹಾಜರಿ ಮುಟ್ಟದೆ ಅಧ್ಯಾಪಕರೊಬ್ಬರ ಮನೆ ಬಾಗಿಲಿಗೆ ಮೂರು ಸಲ ಅಲೆದದ್ದೂ, ನನ್ನ ಹೆಸರು ಕರೆದಾಗ ಹಿಂದಿನ ಬೆಂಚಿನ ಗೆಳೆಯ ಕಂಠ ಬದಲಿಸಿ “ಎಸ್ ಸಾರ್” ಎಂದದ್ದೂ ನೆನಪಾಯಿತು. ಆ ಹಾಜರಿ ದೊರೆಯಿತು. ಆ ತಿಂಗಳಲ್ಲಿ ಏನು ಪಾಠವಾಯಿತೆಂಬುದು ಇಂದಿಗೂ ನನಗೆ ತಿಳಿಯದು. ಅದರಿಂದ ಯಾರ ಪ್ರಾಣವೂ ಹೋಗಲಿಲ್ಲ, ನಿಜ.

ಮರುದಿನ ಕೊಸುಮೆಲ್. ಅಲ್ಲಿಯ ಹವಳದ ದಿಬ್ಬಗಳು 1996ರಿಂದ ರಾಷ್ಟ್ರೀಯ ಉದ್ಯಾನದ ರಕ್ಷಣೆಯಲ್ಲಿವೆ. ಹವಳವನ್ನು ಮುಟ್ಟುವಂತಿಲ್ಲ, ಕೈಗವಸು ತೊಡುವುದಕ್ಕೂ ಅಪ್ಪಣೆಯಿಲ್ಲ. ನೀರಿನ ಸೆಳೆತ ಬಲವಾದುದರಿಂದ ಇಲ್ಲಿ ಈಜುವುದಕ್ಕಿಂತ ತೇಲಿ ಸಾಗುವುದೇ ಹೆಚ್ಚು. ದೋಣಿ ಮೇಲೆ ಹಿಂಬಾಲಿಸಿ ಬರುತ್ತದೆ. ಶಿಕ್ಷಕರು ನರೆತ ಮೀಸೆಯ ಸ್ಥಳೀಯರು. ಟಿಪ್ಪಣಿಯನ್ನು ಎರಡು ಸಲ ಓದಿ, “ಒಳ್ಳೆಯದು” ಎಂದರು. ಅದರಲ್ಲಿ ಒಳ್ಳೆಯದೇನೆಂದು ನನಗೆ ಆಗ ತಿಳಿಯಲಿಲ್ಲ.

ಚಾಂಕನಾಬ್ ಎಂಬಲ್ಲಿ ಸೆಳೆತವಿಲ್ಲದ ಮರಳಿನ ಮೇಲೆ ಅವರು ನನ್ನನ್ನು ಕೂರಿಸಿದರು. ಮೊದಲು ಮಾಸ್ಕಿನ ಕಾಲು ಭಾಗ ನೀರು. ಹಾಗೆಯೇ ಇಪ್ಪತ್ತು ಸಲ ಉಸಿರಾಡು. ಆಮೇಲೆ ಅರ್ಧ, ಮತ್ತೆ ಇಪ್ಪತ್ತು. ಆಮೇಲೆ ಪೂರ್ತಿ. ಅವರು ಬೆರಳೆಣಿಸುತ್ತಿದ್ದರು. ಹದಿನೈದನೆಯ ಉಸಿರಿನ ಹೊತ್ತಿಗೆ ನನಗೆ ಹೊಸ ವಿಷಯವೊಂದು ಹೊಳೆಯಿತು: ಕಣ್ಣು ಕಾಣದಿದ್ದರೂ, ಮೂಗಿನಲ್ಲಿ ನೀರಿದ್ದರೂ, ಬಾಯಿಯಲ್ಲಿ ಗಾಳಿ ಬರುತ್ತಲೇ ಇದೆ. ತಲೆ ಮೇಲಕ್ಕೆತ್ತಿ, ಮಾಸ್ಕಿನ ಮೇಲಂಚನ್ನು ಒತ್ತಿ, ಮೂಗಿನಿಂದ ನಿಧಾನವಾಗಿ ಊದಿದೆನು. ನೀರು ಇಳಿಯಿತು, ಅವರ ಮುಖ ಕಾಣಿಸಿತು. ಮೂರು ಸಲ ಮಾಡಿಸಿದ ಮೇಲೆಯೇ ಎರಡನೆಯ ಸಾಲಿಗೆ ಸಹಿ ಬಿದ್ದಿತು.

ಮೂರನೆಯ ಇಳಿತ ಪರಾಯಿಸೊ ಎಂಬ ದಿಬ್ಬದ ಮೇಲೆ, 12 ಮೀಟರು ಆಳದಲ್ಲಿ. ಭಾವನವರೂ ಜೊತೆಗಿದ್ದರು. ಸೆಳೆತ ನಮ್ಮನ್ನು ಒಯ್ಯುತ್ತಿತ್ತು. ಕೆಳಗೆ ಹವಳದ ತೋಟ ರೈಲಿನ ಕಿಟಕಿಯ ಗದ್ದೆಗಳಂತೆ ಹಿಂದಕ್ಕೆ ಸರಿಯುತ್ತಿತ್ತು. ಆಮೆಯೊಂದನ್ನು ನೋಡಲು ಭಾವನವರು ಥಟ್ಟನೆ ತಿರುಗಿದರು. ಅವರ ಕಾಲಿನ ರಬ್ಬರು ರೆಕ್ಕೆ ನನ್ನ ಮುಖಕ್ಕೆ ಬಡಿಯಿತು. ಮಾಸ್ಕು ಓರೆಯಾಗಿ ನೀರು ನುಗ್ಗಿತು.

ಒಂದು ಕ್ಷಣ ಕೈ ಮೂಗಿನ ಕಡೆಗೆ ಎದ್ದಿತು. ಆಮೇಲೆ, ನಾನು ಹೇಳದೆಯೇ, ಬಾಯಿ ಉಸಿರು ಎಳೆದುಕೊಂಡಿತು. ಇನ್ನೊಂದು. ಮೂರನೆಯದು. ಮಾಸ್ಕನ್ನು ಸರಿಪಡಿಸಿ, ಊದಿ, ಕಣ್ಣು ತೆರೆದಾಗ ಶಿಕ್ಷಕರು ಎರಡಡಿ ದೂರದಲ್ಲಿ ಕೈ ಚಾಚಿ ಸಿದ್ಧರಾಗಿದ್ದರು, ಮುಟ್ಟಿರಲಿಲ್ಲ. ಭಾವನವರಿಗೆ ಏನೂ ಗೊತ್ತೇ ಆಗಿರಲಿಲ್ಲ. ಹಿಂದಿನ ದಿನ ಆಕೆ ಕನಿಕರಪಟ್ಟು ಸಹಿ ಹಾಕಿದ್ದರೆ, ಈ ದಿನದ ಮೊದಲ ಪಾಠ ಬೇರೆಯದೇ ಆಗುತ್ತಿತ್ತು. ಈ ನೀರು 12 ಮೀಟರಿನಲ್ಲಿ ಅದೇ ಹಳೆಯ ನನ್ನನ್ನು ಕಾಣುತ್ತಿತ್ತು. ಮುಂದಿನದನ್ನು ಯೋಚಿಸಲು ನನಗೆ ಇಂದಿಗೂ ಇಷ್ಟವಿಲ್ಲ.

ಇಷ್ಟಾದರೂ ಮನುಷ್ಯನ ಆಸೆ ನೋಡಿ! ದಡಕ್ಕೆ ಬಂದಾಗ ಅಂಗಡಿಯ ಗೋಡೆಯಲ್ಲಿ ಒಂದೂಕಾಲು. ನನ್ನ ಫೋನಿನಲ್ಲಿಯೂ ಒಂದೂಕಾಲು. ಹಡಗು ಹತ್ತುವ ಗಡುವು ಮೂರೂವರೆ. ಒಂದೇ ದಿನ ಮೂರು ಇಳಿತಗಳಿಗೆ ನಿಯಮದಲ್ಲಿ ಅಡ್ಡಿಯಿಲ್ಲ. “ಇನ್ನೂ ಎರಡು ಗಂಟೆಗೆ ಮೇಲಿದೆ, ನಾಲ್ಕನೆಯದನ್ನೂ ಮುಗಿಸಿಬಿಡೋಣ” ಎಂದು ಹೊಸ ಸಿಲಿಂಡರಿಗೆ ಕೈ ಹಾಕಿದೆನು. ಭಾವನವರು ಮಾತಾಡದೆ ಮುಂಗೈಯನ್ನು ನನ್ನ ಕಣ್ಣ ಮುಂದೆ ಹಿಡಿದರು. ಎರಡೂಕಾಲು. ಫೋನು ದಡದ ಗಾಳಿ ಸೋಕಿದೊಡನೆ ತಾನೇ ವೇಳೆ ಬದಲಿಸಿಕೊಂಡಿತ್ತು. ಇಳಿದಿದ್ದರೆ ಹಡಗು ನಮ್ಮ ಕಣ್ಣೆದುರಿಗೇ ಹೊರಡುತ್ತಿತ್ತು. ಅಕ್ಕ ಅದರ ಮೇಲೆ, ನಾವಿಬ್ಬರು ಒದ್ದೆ ಚಡ್ಡಿಯಲ್ಲಿ ಮೆಕ್ಸಿಕೋ ದೇಶದಲ್ಲಿ. ಮೂರೂವರೆಯ ಹೊತ್ತಿಗೆ ಮೇಲಟ್ಟದಿಂದ ನೋಡಿದಾಗ ಚೀಲ ಹೊತ್ತ ಇಬ್ಬರು ಕಟ್ಟೆಯ ಮೇಲೆ ಓಡಿ ಬರುತ್ತಿದ್ದರು. ಮೇಲಿನವರು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ನಗು ಬರಲಿಲ್ಲ.

ಹೀಗೆ ಮೂರು ಸಹಿಗಳೊಡನೆ, ಒಂದು ಬರಿಯ ಸಾಲಿನೊಡನೆ ಊರಿಗೆ ಬಂದೆನು. ನಾಲ್ಕನೆಯದು ಎಲ್ಲಿಯಾದರೂ ಆಗಬಹುದಾಗಿತ್ತಷ್ಟೆ. ಅದೇ ವರ್ಷದ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪ ಸೇರಿ, ಅಲ್ಲಿ ಇಳಿದೆನು. ಶಿಕ್ಷಕರು ನನ್ನ ಪುಸ್ತಕ ತಿರುವಿ, ಕೇಮನ್‌ನ ಟಿಪ್ಪಣಿಯನ್ನು ಓದಿ, ಮೊದಲು ಮಾಸ್ಕಿಗೆ ನೀರು ತುಂಬಿಸೆಂದರು. ತುಂಬಿಸಿದೆನು. ನಾಲ್ಕನೆಯ ಸಹಿ ಕನ್ನಡದಲ್ಲಿ ಬಿದ್ದಿತು.

ಸರ್ಟಿಫಿಕೇಟು ಈಗ ಫೋನಿನೊಳಗೇ ಇದೆ, ನೋಡಬೇಕೆನ್ನುವವರಿಗೆ ತೋರಿಸುತ್ತೇನೆ. ಆದರೆ ನಾನು ಆಗಾಗ ತೆರೆದು ನೋಡುವುದು ಆ ಪುಸ್ತಕದ ಮೊದಲ ಪುಟವನ್ನು, ಉಪ್ಪುನೀರು ತಾಗಿ ಮಸಿ ಹರಡಿದ ಆ ಟಿಪ್ಪಣಿಯನ್ನು. ನನ್ನ ವಿಷಯದಲ್ಲಿ ಯಾರೂ ಅಷ್ಟು ನಿಜವನ್ನು ಬರೆದಿರಲಿಲ್ಲ.

ಹಿಂದಿನ ಬೆಂಚಿನ ಗೆಳೆಯನಿಗೊಂದು ಬಿನ್ನಹ: ಈ ವರ್ಷ ನನ್ನ ಹೆಸರು ಕರೆದಾಗ ಸುಮ್ಮನಿರಪ್ಪ. ನಾನಿದ್ದರೆ ನಾನೇ ಹೇಳುತ್ತೇನೆ.