ಅಪ್ಪ ಕಟ್ಟ್ಯಾರ

ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಪುಣೆಯ ಫ್ಲ್ಯಾಟನ್ನು ಅವ್ವನ ಹೆಸರಿಗೆ ಮಾಡಿಸಲು ಹೋದರೆ, ಹತ್ತು ತಿಂಗಳ ಮೇಂಟೆನೆನ್ಸ್ ಬಾಕಿ ಇದೆ ಎಂದರು ಸೊಸೈಟಿಯವರು. ಅಪ್ಪ ರೊಕ್ಕ ಕೈಯಲ್ಲಿ ಕೊಟ್ಟು ರಸೀದಿ ಇಸಿದುಕೊಳ್ಳುತ್ತಿದ್ದವರು. ಹತ್ತೂ ರಸೀದಿ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಚೀಲವೊಂದರಲ್ಲಿ ಸಿಕ್ಕವು. ಜೆರಾಕ್ಸ್ ಲಗತ್ತಿಸಿ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಅನುವಾದದಿಂದಲೇ ನನ್ನ ಹೊಟ್ಟೆಪಾಡು. ಹತ್ತು ಸಾಲಿಗೆ ಎಷ್ಟು ಹೊತ್ತು ಬೇಕು?

ಅವ್ವ ಪಕ್ಕದಲ್ಲಿ ಕೂತು, “ಅವರು ಎಲ್ಲಾ ಕಟ್ಟ್ಯಾರ ಅಂತ ಬರಿ” ಅಂದಳು.

‘ಹಿ ಹ್ಯಾಸ್ ಪೇಯ್ಡ್ ಆಲ್ ದ ಡ್ಯೂಸ್’ ಎಂದು ಟೈಪ್ ಮಾಡಿದೆ. ಬೆರಳು ಅಲ್ಲೇ ನಿಂತಿತು.

ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟಿನಲ್ಲಿ ನಾವು ಕನ್ನಡಿಗರು ಸಾಮಾನ್ಯವಾಗಿ ಎಡವುವುದು ಬೇರೆ ಕಡೆ. ‘ನಿನ್ನೆ ಬಂದಿದ್ದಾನೆ’ ಎನ್ನುವ ರೂಢಿಯಿಂದ ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂದುಬಿಡುತ್ತೇವೆ. ನಿನ್ನೆ ಎಂದು ಮುಗಿದ ಹೊತ್ತನ್ನು ಹೆಸರಿಸಿದರೆ ಇಂಗ್ಲಿಷ್ ಆ ‘ಹ್ಯಾಸ್’ ಅನ್ನು ಒಪ್ಪುವುದಿಲ್ಲ. ಇದು ಶಾಲೆಯಲ್ಲೇ ತಿದ್ದಿಸಿಕೊಂಡ ತಪ್ಪು. ಇನ್ನೊಂದನ್ನು ನಾನು ಕಲಿತದ್ದು ಎಂಎ ತರಗತಿಯಲ್ಲಿ: ವಾಕ್ಯದ ಕರ್ತೃ ಸತ್ತಿದ್ದರೂ ‘ಹ್ಯಾಸ್’ ಸಾಮಾನ್ಯವಾಗಿ ಹೊಂದುವುದಿಲ್ಲ. ಚಾಮ್‌ಸ್ಕಿ ಎತ್ತಿದ ಉದಾಹರಣೆ ಪ್ರಸಿದ್ಧ. ‘ಐನ್‌ಸ್ಟೈನ್ ಹ್ಯಾಸ್ ವಿಸಿಟೆಡ್ ಪ್ರಿನ್ಸ್‌ಟನ್’ ಎಂದರೆ ಐನ್‌ಸ್ಟೈನ್ ಇನ್ನೂ ಬದುಕಿದ್ದಾರೆ ಎಂಬ ಧ್ವನಿ. ಅವರು ತೀರಿಕೊಂಡದ್ದು 1955ರಲ್ಲಿ.

ಕನ್ನಡಕ್ಕೆ ಈ ಕಟ್ಟುಪಾಡಿಲ್ಲ. ಕುವೆಂಪು 1994ರಲ್ಲಿ ತೀರಿಕೊಂಡರು. ‘ಕುವೆಂಪು ಎರಡು ದೊಡ್ಡ ಕಾದಂಬರಿ ಬರೆದಿದ್ದಾರೆ’ ಎಂದು ಇಂದಿಗೂ ಹೇಳುತ್ತೇವೆ, ಯಾರ ಕಿವಿಗೂ ತಪ್ಪೆನಿಸುವುದಿಲ್ಲ. ಇಂಗ್ಲಿಷ್ ‘ಹ್ಯಾವ್’ ಸೇರಿಸಿ ಕಟ್ಟುವುದನ್ನು ನಾವು ‘ಇರು’ ಸೇರಿಸಿ ಕಟ್ಟುತ್ತೇವೆ: ಬರೆದು ಇದ್ದಾರೆ, ಬರೆದಿದ್ದಾರೆ. ಧಾರವಾಡದ ಕಡೆಯ ನಮ್ಮವ್ವನ ಬಾಯಲ್ಲಿ ಕಟ್ಟಿದ್ದಾರೆ ಎನ್ನುವುದು ಕಟ್ಟ್ಯಾರ ಆಗುತ್ತದೆ.

‘ಹ್ಯಾಸ್’ ಅಳಿಸಿದೆ. ‘ಹಿ ಪೇಯ್ಡ್.’ ವ್ಯಾಕರಣ ಸರಿಹೋಯಿತು. “ಕಟ್ಟಿದ್ರು ಅಂತ ಬರದೇನಿ” ಎಂದು ಅವ್ವನಿಗೆ ಹೇಳಿದೆ.

“ಕಟ್ಟಿದ್ರು ಅಲ್ಲ, ಕಟ್ಟ್ಯಾರ. ಕಟ್ಟಿದ್ರು ಅಂದ್ರ ಯಾವಾಗೋ ಕಟ್ಟಿದ್ರು, ಆಮ್ಯಾಲೆ ಬಿಟ್ರು ಅಂದಂಗ ಆಗ್ತೈತಿ.”

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ಎರಡು ಕಾಲಗಳ ವ್ಯತ್ಯಾಸವನ್ನು ಒಂದೇ ಉಸಿರಿನಲ್ಲಿ ಹೇಳಿದ್ದಳು. ಒಂದು, ನಡೆದು ಮುಗಿದದ್ದು. ಇನ್ನೊಂದು, ನಡೆದದ್ದರ ಫಲ ಈಗಲೂ ಇರುವುದು. ಸೊಸೈಟಿಯ ಜೊತೆ ನಮ್ಮ ತಕರಾರು ಇದ್ದದ್ದೂ ಅದರ ಬಗ್ಗೆಯೇ. ಅಪ್ಪ ಎಂದೋ ರೊಕ್ಕ ಕೊಟ್ಟರು ಎಂದಷ್ಟೇ ಅಲ್ಲ, ಇವತ್ತಿಗೆ ಅವರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ಹೇಳಬೇಕಿತ್ತು.

ದಾರಿ ಐನ್‌ಸ್ಟೈನ್ ಉದಾಹರಣೆಯಲ್ಲೇ ಇತ್ತು. ವಾಕ್ಯವನ್ನು ಕರ್ಮಣಿಗೆ ತಿರುಗಿಸಿ ಪ್ರಿನ್ಸ್‌ಟನ್ನನ್ನು ಮುಂದಕ್ಕೆ ತಂದರೆ ‘ಹ್ಯಾಸ್’ ಸಲ್ಲುತ್ತದೆ, ಏಕೆಂದರೆ ಪ್ರಿನ್ಸ್‌ಟನ್ ಇನ್ನೂ ಇದೆ. ನಾನೂ ಹಾಗೇ ಮಾಡಿದೆ: ‘ಆಲ್ ಡ್ಯೂಸ್ ಹ್ಯಾವ್ ಬೀನ್ ಪೇಯ್ಡ್.’ ಅವ್ವ ಹೇಳಿದ ಕಾಲ ಉಳಿಯಿತು. ಅಪ್ಪ ವಾಕ್ಯದಿಂದ ಹೊರಗೆ ಹೋದರು.

ದಿನಾ ಮಾಡುವ ಕೆಲಸವೇ ಇದು. ಕರ್ತೃ ಬಿಡುತ್ತೇನೆ, ಕರ್ಮಣಿ ಮಾಡುತ್ತೇನೆ, ಬಿಲ್ ಕಳಿಸುತ್ತೇನೆ. ಅವತ್ತು ಮಾತ್ರ ಬಹಳ ಹೊತ್ತು ಆ ಸಾಲನ್ನೇ ನೋಡುತ್ತಾ ಕೂತೆ. ‘ಬೈ ಹಿಮ್’ ಎಂದು ಕೊನೆಗೆ ಸೇರಿಸಿ ನೋಡಿದೆ. ವ್ಯಾಕರಣ ಬೇಡ ಎನ್ನಲಿಲ್ಲ, ಕಿವಿ ಬೇಡ ಎಂದಿತು. ತೆಗೆದೆ.

ಓದಿ ಅರ್ಥ ಹೇಳಿದೆ: “ಬಾಕಿ ಎಲ್ಲಾ ತೀರೇತಿ.”

ಅವ್ವ ತಲೆಯಾಡಿಸಿದಳು. ಕನ್ನಡದಲ್ಲಿ ಸಹಿ ಮಾಡಿ, ಪೆನ್ನು ಕೆಳಗಿಡುವ ಮೊದಲು ಕೇಳಿದಳು: “ಅವರ ಹೆಸರು ಎಲ್ಲೈತಿ?”

“ರಸೀದಿ ಮ್ಯಾಲ ಐತಿ ಅವ್ವಾ” ಅಂದೆ. ಹತ್ತೂ ರಸೀದಿಗಳನ್ನು ಅವಳು ಒಂದೊಂದಾಗಿ ತಿರುವಿ ನೋಡಿದಳು.