ಉಸಿರಿಗೆ ನಷ್ಟ, ಕಣ್ಣಿಗೆ ಲಾಭ

ಲಡಾಖ್‌ನ ಲೇಹ್ ಪಟ್ಟಣದಿಂದ ಸಿಂಧೂ ನದಿಯ ದಂಡೆ ಹಿಡಿದು ಆಗ್ನೇಯಕ್ಕೆ ಸುಮಾರು 250 ಕಿ.ಮೀ. ಸಾಗಿದರೆ ಹಾನ್ಲೆ ಸಿಗುತ್ತದೆ. ಸುತ್ತ ಬೋಳು ಬೆಟ್ಟಗಳು, 17ನೇ ಶತಮಾನದ ಒಂದು ಬೌದ್ಧ ಮಠ, ಅಲ್ಲಲ್ಲಿ ಚದುರಿದ ಮನೆಗಳು. ಹೊಸದಾಗಿ ಹೋದವರಿಗೆ ಇಲ್ಲಿ ನಾಲ್ಕು ಹೆಜ್ಜೆ ಇಡುವುದರಲ್ಲೇ ಏದುಸಿರು. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇ 60ರಷ್ಟೂ ಇಲ್ಲ. ಆದರೆ ಉಸಿರಿಗೆ ಆದ ಈ ನಷ್ಟ ಕಣ್ಣಿಗೆ ಲಾಭವೆಂಬುದು ಕತ್ತಲಾದ ಮೇಲೆ ತಿಳಿಯುತ್ತದೆ.

ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ ಎಂದು ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ನಿಜಕ್ಕೂ ಮಿನುಗು ನಕ್ಷತ್ರದ ಗುಣವಲ್ಲ; ಭೂಮಿಯ ಗಾಳಿಯ ಆಟ. ಬಿಸಿ ಮತ್ತು ತಂಪು ಗಾಳಿ ಕಲಕುತ್ತಿರುವಾಗ ಅದರೊಳಗಿಂದ ಬರುವ ಬೆಳಕು ಕ್ಷಣಕ್ಷಣಕ್ಕೂ ಅಷ್ಟಿಷ್ಟು ಬಾಗುತ್ತದೆ. ಉರಿಯುವ ಒಲೆಯ ಆಚೆಗಿನ ಗೋಡೆ ನಡುಗಿದಂತೆ ಕಾಣುವುದೂ ಹೀಗೆಯೇ. ಬಲು ದೂರದ ನಕ್ಷತ್ರ ಬರೀ ಚುಕ್ಕಿ. ಅದರ ಬೆಳಕು ಬಾಗಿದಂತೆಲ್ಲ ಹೊಳಪು ಏರಿಳಿಯುತ್ತದೆ. ಹತ್ತಿರದ ಗುರು, ಶುಕ್ರ ಗ್ರಹಗಳು ದುರ್ಬೀನಿನಲ್ಲಿ ಪುಟ್ಟ ಬಿಲ್ಲೆಗಳು. ಬಿಲ್ಲೆಯ ಒಂದು ಕಡೆ ಬೆಳಕು ಕುಗ್ಗಿದರೆ ಇನ್ನೊಂದು ಕಡೆ ಹಿಗ್ಗಿ, ಒಟ್ಟು ಹೊಳಪು ಸ್ಥಿರವಾಗಿ ತೋರುತ್ತದೆ. ದಿಗಂತದ ಬಳಿ ಬೆಳಕು ದಾಟಬೇಕಾದ ಗಾಳಿ ಹೆಚ್ಚು. ಹುಟ್ಟುವ ಹೊತ್ತಿನ ಲುಬ್ಧಕ ನಕ್ಷತ್ರ ಕೆಂಪು, ಹಸಿರು, ನೀಲಿಯಾಗಿ ಮಿಂಚುವುದು ಅದರಿಂದಲೇ.

ಹಾನ್ಲೆಯಲ್ಲಿ ಧೂಳು, ತೇವಗಳ ಬಹುಭಾಗ ಕೆಳಗೇ ಉಳಿದಿರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ 2 ಮೀಟರ್ ವ್ಯಾಸದ ಕನ್ನಡಿಯುಳ್ಳ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಇಲ್ಲಿನ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದು ಇದಕ್ಕಾಗಿಯೇ. 2000ದಲ್ಲಿ ಅದು ಮೊದಲ ಬಾರಿ ಆಕಾಶ ನೋಡಿತು. ಸ್ವಾರಸ್ಯವೆಂದರೆ, ಅದನ್ನು ನಡೆಸುವ ವಿಜ್ಞಾನಿಗಳು ಕುಳಿತುಕೊಳ್ಳುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಸಂಪರ್ಕ ಉಪಗ್ರಹದ ಮೂಲಕ!

ಗಾಳಿ ತೆಳುವಾಗಿದ್ದರಷ್ಟೇ ಸಾಲದು. ಊರಿನ ದೀಪಗಳ ಬೆಳಕು ಗಾಳಿಯಲ್ಲಿ ಚದುರಿದರೆ ಆಕಾಶವೇ ಬೆಳಗಿ, ಮಸುಕಾದ ನಕ್ಷತ್ರಗಳು ಮರೆಯಾಗುತ್ತವೆ. ಅದಕ್ಕೇ 2022ರಲ್ಲಿ ಹಾನ್ಲೆಯ ಸುತ್ತಲಿನ 1,073 ಚದರ ಕಿ.ಮೀ. ಪ್ರದೇಶವನ್ನು ‘ಕತ್ತಲ ಆಕಾಶದ ಮೀಸಲು’ ಎಂದು ಘೋಷಿಸಲಾಯಿತು. ಊರಿನವರು ಕಿಟಕಿಗಳಿಗೆ ದಪ್ಪ ಪರದೆ ಎಳೆಯುತ್ತಾರೆ, ದೀಪಗಳಿಗೆ ಮರೆ ಕಟ್ಟುತ್ತಾರೆ. ತರಬೇತಿ ಪಡೆದ ಅಲ್ಲಿನ ಯುವಜನರು ಪ್ರವಾಸಿಗಳಿಗೆ ದುರ್ಬೀನಿನಲ್ಲಿ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಕತ್ತಲೆಯೂ ಅಲ್ಲಿ ಕಾಪಾಡಬೇಕಾದ ಆಸ್ತಿ.

ಹಾನ್ಲೆಗೆ ಎಲ್ಲರೂ ಹೋಗಲಾಗದು. ಆದರೆ ಮೋಡವಿಲ್ಲದ ಒಂದು ರಾತ್ರಿ ಮನೆಯ ದೀಪ ಆರಿಸಿ, ಮಕ್ಕಳನ್ನು ಕರೆದುಕೊಂಡು ತಾರಸಿ ಹತ್ತುವುದು ಕಷ್ಟವಲ್ಲ. ಮಿನುಗುವುದು ಯಾವುದು, ಮಿನುಗದ್ದು ಯಾವುದು ಎಂಬುದನ್ನು ಅವರೇ ಹೇಳಲಿ.