ಹರಿಗೋಲು ಅಂದ್ರೆ ನಂಗೆ ಗೊತ್ತಿರ್ಲಿಲ್ಲ

ಶನಿವಾರ ಬೆಳಗ್ಗೆ ಎನ್‌ಎಸ್‌ಎಸ್‌ನಿಂದ ನಮ್ಮನ್ನ ಕಾಲೇಜಿನ ಹಿಂದಿರೋ ಸರ್ಕಾರಿ ಶಾಲೆಗೆ ಕಳಿಸ್ತಾರೆ. ನಾನು ಹೋಗಿದ್ದು ಐದನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡೋಕೆ. ಮೊದಲ ದಿನವೇ ಟೀಚರ್ ಕನ್ನಡ ಪುಸ್ತಕ ಕೊಟ್ಟು, "ಒಂದು ಪಾಠ ಓದಿ ಸರ್, ನಾನು ಅಷ್ಟರಲ್ಲಿ ಬಿಸಿಯೂಟದ ಲೆಕ್ಕ ಬರೆದು ಬರ್ತೀನಿ" ಅಂದ್ರು. ನಾನು 'ವೈಶಿಷ್ಟ್ಯ' ಅನ್ನೋ ಪದದ ಮುಂದೆ ನಿಂತುಬಿಟ್ಟೆ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು. ಮನೆಯಲ್ಲಿ ಕನ್ನಡ ಮಾತಾಡೋನು, ಒತ್ತಕ್ಷರಕ್ಕೆ ಹೆದರೋನು.

ಮುಂದಿನ ವಾರ ಪಾಠ ಬಿಟ್ಟು ಕತೆ ಹೇಳೋಣ ಅಂದ್ಕೊಂಡೆ. ನಂಗೆ ಪೂರ್ತಿ ನೆನಪಿದ್ದದ್ದು 'ಟ್ರೆಷರ್ ಐಲೆಂಡ್' ಒಂದೇ. ಹೇಳ್ತಾ ಹೋದಂಗೆ ಟೀಚರ್, "ಇದನ್ನ ಬರೆದು ಕೊಡಿ, ಓದಿಸೋಕೆ ಆಗುತ್ತೆ" ಅಂದ್ರು. ಇದನ್ನ ಬರೆದ ಸ್ಟೀವನ್‌ಸನ್ ತೀರಿಕೊಂಡಿದ್ದು 1894ರಲ್ಲಿ. ನಮ್ಮ ದೇಶದಲ್ಲಿ ಲೇಖಕ ಹೋಗಿ 60 ವರ್ಷ ಆದ್ಮೇಲೆ ಹಕ್ಕು ಮುಗಿಯುತ್ತೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಸ್ತಕ ಪುಕ್ಕಟೆ, ಕನ್ನಡಕ್ಕೆ ತರೋಕೆ ಯಾರನ್ನೂ ಕೇಳ್ಬೇಕಿಲ್ಲ. ಒಟ್ಟು 34 ಅಧ್ಯಾಯ. ಒಂದೊಂದನ್ನೂ ಒಂದು ಪುಟಕ್ಕೆ ಇಳಿಸಿ, ವಾರಕ್ಕೆ ಎರಡು ಮೂರು ಅಂತ ಬರೆಯೋಕೆ ಶುರು ಮಾಡಿದೆ. (ಪುಕ್ಕಟೆ ಅಂದ್ರೂ ಜೆರಾಕ್ಸ್ ಪುಕ್ಕಟೆ ಅಲ್ಲ. ಅದನ್ನ ಟೀಚರೇ ತಮ್ಮ ದುಡ್ಡಿಂದ ಮಾಡಿಸ್ತಿದ್ರು ಅಂತ ನಂಗೆ ತುಂಬ ತಡವಾಗಿ ಗೊತ್ತಾಯ್ತು.) ಚಿಕ್ಕ ಕ್ಲಾಸಿನವರಿಗೆ ಅವರು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಿಂದ ಕತೆ ಇಳಿಸಿಕೊಳ್ತಾರೆ. ಅಲ್ಲಿ ನಾಲ್ಕು ಹಂತ ಇದೆ. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ ಕೂರೋದ್ರಿಂದ, ಓದೋಕೆ ಬರೋರ ಕೈಗೆ ಕತೆ ಕೊಟ್ಟು ಉಳಿದವರ ಹತ್ರ ಕೂತ್ಕೋಬಹುದು.

ಹನ್ನೊಂದನೇ ಅಧ್ಯಾಯಕ್ಕೆ ಇಡೀ ಕ್ಲಾಸ್ ಬಲೆಗೆ ಬಿತ್ತು. ಜಿಮ್ ಸೇಬಿನ ಬ್ಯಾರೆಲ್ ಒಳಗೆ ಕೂತಿದ್ದಾನೆ. ಹೊರಗೆ ಒಂಟಿಕಾಲಿನ ಸಿಲ್ವರ್ ದಂಗೆಯ ಪ್ಲಾನ್ ಹೇಳ್ತಾ ಇದ್ದಾನೆ. ಹೇಳ್ತಾ ಹೇಳ್ತಾ ಪಕ್ಕದವನಿಗೆ, ಒಂದು ಸೇಬು ತಂದುಕೊಡು ಅಂತಾನೆ. ನಾನು ಪುಟವನ್ನ ಅಲ್ಲಿಗೇ ನಿಲ್ಲಿಸಿದ್ದೆ. "ಬ್ಯಾರೆಲ್ ಅಂದ್ರೆ ಡ್ರಮ್ಮಾ ಅಣ್ಣ?" ಅಂತ ಒಬ್ಬ ಕೇಳಿದ. ಟೀಚರ್ "ಪೀಪಾಯಿ" ಅಂದ್ರು. ಆ ಪದ ನಂಗೂ ಹೊಸದು. ರಮ್ ಬದಲು ಶರಬತ್ತು ಅಂತ ಬರೆದಿದ್ದೆ, ಅದನ್ನ ಮಾತ್ರ ಯಾರೂ ನಂಬ್ಲಿಲ್ಲ.

ಸ್ಟೀವನ್‌ಸನ್‌ಗೂ ಈ ಕತೆ ಹುಟ್ಟಿದ್ದು ಪುಸ್ತಕದಿಂದ ಅಲ್ಲ. 1881ರಲ್ಲಿ ಸ್ಕಾಟ್ಲೆಂಡ್‌ನ ಬ್ರೇಮಾರ್‌ನಲ್ಲಿ ಹೆಂಡತಿಯ ಮಗನ ಜೊತೆ ಕೂತು ಒಂದು ದ್ವೀಪದ ಮ್ಯಾಪ್ ಬರೆದ, ಕತೆ ಆಮೇಲೆ ಬಂತು. ಇದನ್ನ ಹೇಳಿದ್ದೇ ತಡ, ಟೀಚರ್ ಪರಿಸರ ಅಧ್ಯಯನದ ದಿಕ್ಕು-ನಕ್ಷೆ ಪಾಠವನ್ನ ಇದಕ್ಕೇ ಜೋಡಿಸಿದ್ರು. ಶಾಲೆಯ ಅಂಗಳದಲ್ಲಿ ನಿಧಿ. ಹುಣಸೆಮರದಿಂದ ಪೂರ್ವಕ್ಕೆ ಹತ್ತು ಹೆಜ್ಜೆ. ನಿಧಿ ಅಂದ್ರೆ ಒಂದು ಪೊಟ್ಟಣ ಕಡಲೆಮಿಠಾಯಿ.

ಆ ಕ್ಲಾಸಲ್ಲಿ ಒಬ್ಬ ಹುಡುಗ ಓದ್ತಾನೇ ಇರ್ಲಿಲ್ಲ. ಕೊಪ್ಪಳ ಕಡೆಯವನು. ಅಪ್ಪ ಅಮ್ಮ ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟೋ ಕೆಲಸದಲ್ಲಿದ್ದಾರೆ. ಅವನಿಗೆ ಅಕ್ಷರ ಬರ್ತಿತ್ತು, ಆದ್ರೆ ಬಾಯಿ ತೆಗೆದ್ರೆ ಉಳಿದವರು ಅವನ ಮಾತನ್ನ ಅಣಕಿಸಿ ನಗ್ತಿದ್ರು. ಇಂಗ್ಲಿಷ್ ಕ್ಲಾಸಲ್ಲಿ ನನ್ನ ಆಕ್ಸೆಂಟಿಗೆ ನಕ್ಕಿದ್ದೂ ಹಿಂಗೇ. ಆದ್ರೂ ನಾನು ಅವನ ಪರ ಒಂದು ಮಾತೂ ಆಡಿರ್ಲಿಲ್ಲ.

24ನೇ ಅಧ್ಯಾಯದಲ್ಲಿ ಜಿಮ್ ಒಂದು ಕೊರಾಕಲ್‌ನಲ್ಲಿ ಸಮುದ್ರದ ಮೇಲಿದ್ದಾನೆ. ನಾನು 'ಸಣ್ಣ ದೋಣಿ' ಅಂತ ಬರೆದು, ಮರದ ಚೌಕಟ್ಟಿಗೆ ಮೇಕೆ ಚರ್ಮ ಎಳೆದು ಕಟ್ಟಿದ್ದು, ಹೇಳಿದ ಕಡೆ ಹೋಗದೆ ಸುತ್ತುತ್ತೆ ಅಂತ ವಿವರಿಸ್ತಿದ್ದೆ. ಹಿಂದಿನಿಂದ ಅವನ ದನಿ ಬಂತು.

"ಅದು ದೋಣಿ ಅಲ್ರೀ ಅಣ್ಣಾರ, ಹರಗೋಲ."

ಅವನ ಅಜ್ಜನ ಊರು ತುಂಗಭದ್ರೆ ದಂಡೆ ಮೇಲೆ. ಬಾ ಅಂತ ಕರೆದೆ. ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಸ್ಕೇಲ್ ಹಿಡಿದು ತೋರಿಸಿದ. "ಬಾಜೂಕ ಹುಟ್ಟು ಹಾಕಿದ್ರ ತಿರಗತೈತ್ರಿ. ಮುಂದ ಹಾಕಿ ತನ್ನ ಕಡೆ ಎಳಕೋಬೇಕು. ಜಿಮ್ಮಗ ಯಾರೂ ಹೇಳಿಲ್ಲ." ಆಮೇಲೆ ನನ್ನ ಕೈಯಲ್ಲಿದ್ದ ಪುಟ ತಗೊಂಡು, 'ದೋಣಿ' ಅಂತ ಬಂದ ಕಡೆಯೆಲ್ಲ 'ಹರಗೋಲ' ಅಂತ ಸೇರಿಸ್ಕೊಂಡು ಓದಿದ. ನಿಧಾನ, ಬೆರಳಿಟ್ಟು. 'ಹಿಸ್ಪಾನಿಯೋಲಾ' ಹತ್ರ ಎರಡು ಸಲ ನಿಂತ. ಒಬ್ಬ ನಕ್ಕ. ಪಕ್ಕದವಳು "ಸುಮ್ನಿರೋ, ಹಡಗು ಬರ್ತಾ ಇದೆ" ಅಂದಳು.

ಹೋದ ಶನಿವಾರ ಗೇಟಿನ ಹತ್ರ ಕಾಯ್ತಾ ನಿಂತಿದ್ದ. ಬಿಲ್ಡಿಂಗ್ ಕೆಲಸ ಮುಗೀತಂತೆ, ಯುಗಾದಿಗೆ ಊರಿಗೆ ಹೋಗ್ತಾರಂತೆ, ವಾಪಸ್ ಬರೋದು ಗೊತ್ತಿಲ್ಲ. "ಉಳದದ್ದು ಈಗs ಕೊಡ್ರಿ" ಅಂದ. ಉಳಿದದ್ದು ಹತ್ತು ಅಧ್ಯಾಯ, ಒಂದೂ ಬರೆದಿಲ್ಲ. ಮುಂದಿನ ವಾರ ಇಂಟರ್ನಲ್ಸ್ ಬೇರೆ.

ಸಂಘದಲ್ಲಿ ಕನ್ನಡ ಟೈಪಿಂಗ್ ಬರೋರು ಯಾರಾದ್ರೂ ಇದ್ರೆ ಹಾಸ್ಟೆಲ್‌ನಲ್ಲಿ ನನ್ನ ರೂಮಿಗೆ ಬನ್ನಿ. ಒಬ್ಬೊಬ್ಬರು ಎರಡೆರಡು ಅಧ್ಯಾಯ ತಗೊಂಡ್ರೆ ಐದು ಜನ ಸಾಕು. ಒತ್ತಕ್ಷರ ತಪ್ಪಾದ್ರೆ ಪರವಾಗಿಲ್ಲ, ಅವನು ತಿದ್ದಿಕೊಳ್ತಾನೆ.